ಟಚ್‌ಪ್ಯಾಡ್‌ಗೆ ನಾಲ್ಕು ಕೆಬಿ ಜಾಗ ಕೊಡದ ಕರ್ನಲ್

ಎಲ್ಲರಿಗೂ ನಮಸ್ಕಾರ. ನನಗೆ ಮುಕ್ಕಾಲು ಗಂಟೆ ಅಂದಿದ್ದರು. ಹಿಂದಿನ ಮಾತು ಚೆನ್ನಾಗಿತ್ತು, ಪ್ರಶ್ನೆಗಳೂ ಜಾಸ್ತಿ ಬಂದವು, ಹಾಗಾಗಿ ಈಗ ಅರ್ಧ ಗಂಟೆ ಉಳಿದಿದೆ. ಪರವಾಗಿಲ್ಲ. ನೀವೆಲ್ಲ ಆಪರೇಟಿಂಗ್ ಸಿಸ್ಟಮ್ ಪಾಠ ಮುಗಿಸಿಕೊಂಡು ಬಂದವರು. ಕರ್ನಲ್ ಅಂದರೆ ಓಎಸ್‌ನ ತಿರುಳು, ಪಿಸಿಐ ಅಂದರೆ ಸಾಧನಗಳನ್ನು ಪ್ರೊಸೆಸರ್‌ಗೆ ಜೋಡಿಸುವ ವ್ಯವಸ್ಥೆ, ಬಾರ್ ಅಂದರೆ ಇಂಥದ್ದು ಅಂತೆಲ್ಲ ನಾನು ಹೇಳಬೇಕಾಗಿಲ್ಲ. ಬಾರ್ ಅಂದ ತಕ್ಷಣ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ಸ್ವಾಮಿ, ನಾನು ಹೇಳುತ್ತಿರುವುದು ಬೇಸ್ ಅಡ್ರೆಸ್ ರಿಜಿಸ್ಟರ್, ಸಾಧನಕ್ಕೆ ಸಿಕ್ಕ ವಿಳಾಸ ಬರೆದಿಡುವ ಕಡೆ.

ನನ್ನದೊಂದು ಹಳೆ ತಕರಾರಿದೆ. ಯಾರಾದರೂ ಬಂದು, 'ಸರ್, ಲ್ಯಾಪ್‌ಟಾಪ್‌ನಲ್ಲಿ ಟಚ್‌ಪ್ಯಾಡ್ ಕೆಲಸ ಮಾಡ್ತಿರಲಿಲ್ಲ. ಬೂಟ್ ಸಾಲಿಗೆ ಪಿಸಿಐ=ನೋಸಿಆರ್‌ಎಸ್ ಸೇರಿಸಿದೆ, ಸರಿಹೋಯ್ತು' ಅನ್ನುತ್ತಾರೆ. ಅಂದರೆ ಮಷಿನ್ ಶುರುವಾಗುವಾಗ ಕರ್ನಲ್‌ಗೆ ಒಂದು ಸೂಚನೆ ಕೊಟ್ಟರು. ಸಂತೋಷ. ಯಾಕೆ ಸರಿಹೋಯ್ತು? ಅಲ್ಲಿಗೆ ಮಾತು ನಿಂತುಬಿಡುತ್ತದೆ. ಸರಿಹೋದ ಮೇಲೆ ಯಾಕೆ ಅಂತ ಕೇಳುವುದು ಅಧಿಕಪ್ರಸಂಗ ಅನ್ನುವ ಹಾಗೆ ನೋಡುತ್ತಾರೆ. ಇವತ್ತು ಆ ಅಧಿಕಪ್ರಸಂಗವನ್ನೇ ಮಾಡೋಣ.

ಲೆನೋವೋ ಐಡಿಯಾಪ್ಯಾಡ್ 3, 15 ಇಂಚಿನದು. ಲಿನಕ್ಸ್ ಹಾಕಿದರೆ ಟಚ್‌ಪ್ಯಾಡ್ ಸತ್ತು ಕೂತಿರುತ್ತಿತ್ತು. ಟಚ್‌ಪ್ಯಾಡ್ ಡ್ರೈವರ್ ನೋಡಿ, ಕರ್ನಲ್ ಕಾನ್ಫಿಗ್ ನೋಡಿ, ಎಲ್ಲ ಸರಿಯಾಗೇ ಇದೆ. ಯಾಕಂದರೆ ರೋಗ ಅಲ್ಲಿಲ್ಲ. ಟಚ್‌ಪ್ಯಾಡ್ ನೇತಾಡುವುದು ಐಸ್ಕ್ವೇರ್‌ಸಿ ಅನ್ನುವ, ಚಿಕ್ಕ ಸಾಧನಗಳನ್ನು ಜೋಡಿಸುವ ಬಸ್ಸಿನ ಮೇಲೆ. ಆ ಬಸ್ಸಿನ ಕಂಟ್ರೋಲರ್ ಒಂದು ಪಿಸಿಐ ಸಾಧನ, ಅದರ ಸಂಖ್ಯೆ 00:15.0. ಅದಕ್ಕೆ ಬೇಕಾಗಿದ್ದು 4 ಕೆಬಿ ವಿಳಾಸ. ಬಯೋಸ್, ಅಂದರೆ ಮಷಿನ್ ಜೊತೆಗೇ ಬರುವ ಶುರುವಿನ ಸಾಫ್ಟ್‌ವೇರ್, ಅದಕ್ಕೆ ಜಾಗ ಕೊಡದೆ ಹಾಗೇ ಬಿಟ್ಟಿತ್ತು, 'ಓಎಸ್ ನೋಡ್ಕೊಳ್ಳುತ್ತೆ' ಅಂತ. ಅದೇನೂ ತಪ್ಪಲ್ಲ. ಕರ್ನಲ್ ಲಾಗ್‌ನಲ್ಲಿ ಸಾಲು ಸ್ಪಷ್ಟವಾಗಿತ್ತು: ಬಾರ್ 0ಕ್ಕೆ ಜಾಗ ಇಲ್ಲ, ಕೊಡಲು ಆಗಲಿಲ್ಲ.

ಜಾಗ ಇಲ್ಲವಾ? ಅದೇ ಲಾಗ್‌ನಲ್ಲಿ ಸ್ವಲ್ಪ ಮೇಲೆ ನೋಡಿ. ಪ್ರೊಸೆಸರ್‌ಗೂ ಪಿಸಿಐಗೂ ನಡುವಿನ ಸೇತುವೆಯಾದ ಹೋಸ್ಟ್ ಬ್ರಿಜ್ ತನ್ನ ಕಿಟಕಿ, ಅಂದರೆ ಸಾಧನಗಳಿಗೆ ಹಂಚಬಹುದಾದ ವಿಳಾಸಗಳು, ಎಷ್ಟು ಅಂತ ಹೇಳಿಕೊಂಡಿದೆ. ಹೆಕ್ಸ್ ಬೇಡ, ಎಂಬಿಯಲ್ಲಿ ಹೇಳುತ್ತೇನೆ. 1620ನೇ ಎಂಬಿಯಿಂದ 3072ನೇ ಎಂಬಿವರೆಗೆ. ಅಂದರೆ 1452 ಎಂಬಿ. ಕೇಳಿದ್ದು 4 ಕೆಬಿ. ಸುಮಾರು ಒಂದೂವರೆ ಜಿಬಿ ಬಯಲಿನಲ್ಲಿ 4 ಕೆಬಿ ಸಿಗಲಿಲ್ಲ!

ಇನ್ನೂ ಮೇಲೆ ಹೋದರೆ ಮತ್ತೊಂದು ಸಾಲು. ಇ820, ಅಂದರೆ ಯಾವ ವಿಳಾಸ ಯಾವುದಕ್ಕೆ ಅಂತ ಶುರುವಿನಲ್ಲೇ ಕರ್ನಲ್‌ಗೆ ಸಿಗುವ ಮೆಮೊರಿ ನಕ್ಷೆ: 1212ನೇ ಎಂಬಿಯಿಂದ 3328ನೇ ಎಂಬಿವರೆಗೆ ರಿಸರ್ವ್ಡ್. ಇಡೀ ಕಿಟಕಿ ಅದರ ಹೊಟ್ಟೆಯೊಳಗೆ ಹೋಗಿಬಿಟ್ಟಿದೆ. ಒಂದು ಜಮೀನಿಗೆ ಎರಡು ಕಚೇರಿಯಿಂದ ಎರಡು ಕಾಗದ. ಎಸಿಪಿಐ ಅಂದರೆ ಬಯೋಸ್ ಓಎಸ್‌ಗೆ ಕೊಡುವ ಹಾರ್ಡ್‌ವೇರ್ ವಿವರ. ಅದರಲ್ಲಿ ಕಿಟಕಿಯ ಅಳತೆ ಹೇಳುವ ಸಿಆರ್‌ಎಸ್ ಕಾಗದದ ಪ್ರಕಾರ ಇದು ಹಂಚಬಹುದಾದ ಜಾಗ. ಇ820 ಕಾಗದದ ಪ್ರಕಾರ ಯಾರೂ ಕಾಲಿಡುವಂತಿಲ್ಲ. ನಮ್ಮ ಕರ್ನಲ್ ಎರಡನೆಯದನ್ನು ನಂಬಿತು. ಬೂಟ್ ಸಾಲಿನ ನೋಸಿಆರ್‌ಎಸ್ ಅಂದರೆ ಮೊದಲನೇ ಕಾಗದವನ್ನೇ ಹರಿದು ಹಾಕುವುದು. ಆಗ ಕಿಟಕಿಯ ಗೊಡವೆಯೇ ಇಲ್ಲದೆ ಕರ್ನಲ್ ಬೇರೆಲ್ಲೋ ಜಾಗ ಹುಡುಕುತ್ತದೆ. ಅದಕ್ಕೇ 'ಸರಿಹೋಯ್ತು'.

ಕರ್ನಲ್ ಯಾಕೆ ಇ820 ನಂಬಿತು? ಅದಕ್ಕೂ ಒಂದು ಕಾರಣವಿದೆ. ಸುಮ್ನೆ ಬರೆದ ಕೋಡ್ ಅಲ್ಲ ಅದು. 2010ರಲ್ಲಿ ಕರ್ನಲ್‌ನ 2.6.34 ಆವೃತ್ತಿ ಬಂದಾಗ, 2008ರಿಂದೀಚಿನ ಬಯೋಸ್ ಇರುವ ಮಷಿನ್‌ಗಳಲ್ಲಿ ಸಿಆರ್‌ಎಸ್ ಹೇಳಿದ್ದನ್ನು ನಂಬಬೇಕು ಅಂತ ಮಾಡಿದರು. ತಕ್ಷಣ ಡೆಲ್ ಪ್ರಿಸಿಷನ್ ಟಿ3500 ತಕರಾರು ತೆಗೆಯಿತು. ಅದರ ಬಯೋಸ್, ಕಿಟಕಿಯೊಳಗೆ ಸೇರಿಸಬಾರದ ಒಂದು ಚೂರನ್ನೂ ಸೇರಿಸಿತ್ತು. ಕರ್ನಲ್ ಡಿಸ್ಕ್ ಕಂಟ್ರೋಲರ್‌ಗೆ ಅಲ್ಲೇ ಜಾಗ ಕೊಟ್ಟಿತು, ಮಷಿನ್ ಬೂಟ್ ಆಗಲಿಲ್ಲ. ಆ ಚೂರು ಇ820ಯಲ್ಲಿ ರಿಸರ್ವ್ಡ್ ಅಂತ ಇತ್ತು. ಹಾಗಾದರೆ ರಿಸರ್ವ್ಡ್ ಇರುವ ಕಡೆ ಹಂಚುವುದೇ ಬೇಡ ಅಂತ ಒಂದು ಪ್ಯಾಚ್, ಅಂದರೆ ಕೋಡ್‌ಗೆ ತಿದ್ದುಪಡಿ, ಬಂತು, 2.6.37ರ ಹೊತ್ತಿಗೆ. ಟಿ3500 ಬೂಟ್ ಆಯಿತು. ಹತ್ತು ವರ್ಷ ಕಳೆದ ಮೇಲೆ ಐಡಿಯಾಪ್ಯಾಡ್‌ನ ಟಚ್‌ಪ್ಯಾಡ್ ಬಿದ್ದಿದ್ದು ಈ ಪ್ಯಾಚ್ ಮೇಲೆ.

ಈ ಹಂತದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಯಾರೋ ಹೇಳಿದರು, ಆ ಪ್ಯಾಚ್ ತೆಗೆಯೋಣ ಅಂತ. ಟಿ3500 ಇಟ್ಟುಕೊಂಡವರು ಸುಮ್ಮನಿರುತ್ತಾರಾ? ಕರ್ನಲ್‌ನಲ್ಲಿ ಮೊದಲ ನಿಯಮವೇ ನಿನ್ನೆ ನಡೆಯುತ್ತಿದ್ದ ಮಷಿನ್ ಇವತ್ತು ನಿಲ್ಲಬಾರದು ಅನ್ನುವುದು. ಸರಿ, ತಾರೀಖು ಹಿಡಿಯೋಣ ಅಂದರು: 2018ರಿಂದೀಚಿನ ಬಯೋಸ್ ಆದರೆ ಇ820 ಲೆಕ್ಕಕ್ಕಿಲ್ಲ. ಇದು ನನಗೆ ಬಹಳ ಇಷ್ಟವಾದ ಭಾಗ. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಎರಡನೇ ತಲೆಮಾರಿನ ಮಷಿನ್, 2014ರದ್ದು. ಹಳೇ ಮಷಿನ್, ಆದರೆ ಮಾಲೀಕರು ಒಳ್ಳೆಯವರು, ಬಯೋಸ್ ಅಪ್‌ಡೇಟ್ ಹಾಕಿಕೊಂಡಿದ್ದರು. ಬಯೋಸ್ ತಾರೀಖು ಹೊಸದಾಯಿತು, ಹೊಸ ನಿಯಮ ಅದಕ್ಕೂ ತಗುಲಿತು. ಲ್ಯಾಪ್‌ಟಾಪ್ ಮಲಗಿಸಿದರೆ ಮತ್ತೆ ಏಳುತ್ತಿರಲಿಲ್ಲ.

ನೋಡಿದರೆ ಅಲ್ಲಿ ಇ820 ಮತ್ತು ಕಿಟಕಿ ಒಂದರ ಮೇಲೊಂದು ಬರುತ್ತಿದ್ದದ್ದು ಬರೀ 64 ಕೆಬಿ. ಕಿಟಕಿಯ ಮೊದಲ 64 ಕೆಬಿ. ಅದು ನಿಜವಾಗಿಯೂ ಮುಟ್ಟಬಾರದ ಜಾಗ. ಇ820ಯ ರಿಸರ್ವ್ಡ್ ಸಾಲು ಇಡೀ ಕಿಟಕಿಯನ್ನು ಆವರಿಸಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಬಿಡೋಣ ಅಂತ ಇನ್ನೊಂದು ಪ್ಯಾಚ್ ಮಾಡಿದರು, ಒಂದು ಏಸುಸ್ ಕ್ರೋಮ್‌ಬುಕ್ ಬೂಟ್ ಆಗುವುದೇ ನಿಂತಿತು. ಕೊನೆಗೆ 2022ರಲ್ಲಿ ಮಾಡೆಲ್ ಹೆಸರುಗಳ ಪಟ್ಟಿ ಮಾಡಿ, ಇಂಥಿಂಥ ಮಷಿನ್‌ಗೆ ವಿನಾಯಿತಿ ಅಂತ ಹಾಕಿದರು. ಜೊತೆಗೆ 2023ರಿಂದೀಚಿನ ಬಯೋಸ್‌ಗೆಲ್ಲ ಸಾರಾಸಗಟು ವಿನಾಯಿತಿ.

ಪಟ್ಟಿ ಮಾಡಿದವರನ್ನು ನಾನು ದೂರುವುದಿಲ್ಲ. ಜನರ ಟಚ್‌ಪ್ಯಾಡ್ ನಡೆಯಬೇಕಲ್ಲ. ಆದರೆ ಪಟ್ಟಿ ಅಂದರೆ 'ಯಾಕೆ ಅಂತ ಗೊತ್ತಿಲ್ಲ' ಅಂತ ಬರೆದುಕೊಟ್ಟ ಹಾಗೆ. 2011ರ ಏಪ್ರಿಲ್‌ನಲ್ಲಿ 2.6.39 ತಯಾರಾಗುತ್ತಿದ್ದಾಗಲೂ ಇಂಥದೇ ವಿಳಾಸದ ಜಗಳ ಆಗಿತ್ತು. ಮೆಮೊರಿಯನ್ನು ಮೇಲಿನಿಂದ ಕೆಳಕ್ಕೆ ಹುಡುಕುವಂತೆ ಮಾಡಿದ್ದರು, ತೊಂದರೆ ಶುರುವಾಯಿತು, ಯಾವ ಅಂಕಿ ಹಾಕಿದರೆ ನಡೆಯುತ್ತದೆ ಅಂತ ಹುಡುಕಾಟ ನಡೆದಿತ್ತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟಾರ್ವಾಲ್ಡ್ಸ್ ರೇಗಿಬಿಟ್ಟರು. ಅವರು ಹೇಳಿದ್ದರ ಸಾರ ಇಷ್ಟು: ಯೋಚನೆ ಮಾಡಿ, ವಿಶ್ಲೇಷಣೆ ಮಾಡಿ. ಇಲ್ಲವೇ ಸಾವಿರಾರು ಮಷಿನ್‌ಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿ. ಈ ಎರಡೇ ದಾರಿ. ನಮ್ಮ ಹತ್ತಿರ ಸಾವಿರಾರು ಮಷಿನ್ ಇದೆಯಾ? ಇಲ್ಲ ಅಲ್ವಾ. ಹಾಗಾದರೆ ಉಳಿದಿದ್ದು ಒಂದೇ.

ಎಷ್ಟು ನಿಮಿಷ ಇದೆ? ಎಂಟಾ? ಆಯ್ತು, ಮುಖ್ಯವಾದ್ದನ್ನು ಹೇಳಿಬಿಡುತ್ತೇನೆ.

ಈ ಇ820 ಕಾಗದ ಬರೆದವರು ಯಾರು? ಎಲ್ಲರೂ ಬಯೋಸ್ ಅಂದುಕೊಂಡಿದ್ದರು. ಲಾಗ್‌ನಲ್ಲೂ 'ಬಯೋಸ್ ಇ820' ಅಂತಲೇ ಅಚ್ಚಾಗುತ್ತದೆ. ಆದರೆ ಹಳೇ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಮೂಲಕ ಬೂಟ್ ಆಗುವಾಗ ಬಯೋಸ್‌ಗೆ ಆ ಹಳೇ ಕರೆ ಹೋಗುವುದೇ ಇಲ್ಲ. ಫರ್ಮ್‌ವೇರ್, ಅಂದರೆ ಮಷಿನ್‌ನೊಳಗಿನ ಆ ಶುರುವಿನ ಸಾಫ್ಟ್‌ವೇರ್, ಕೊಡುವುದು ಇಎಫ್‌ಐ ಮೆಮೊರಿ ನಕ್ಷೆ. ಅದನ್ನು ಇ820 ರೂಪಕ್ಕೆ ತರುವುದು ಕರ್ನಲ್ ಅನ್ನು ಶುರುಮಾಡಿಸುವ ಬೂಟ್‌ಲೋಡರ್, ಅಥವಾ ಅದೇ ಕೆಲಸ ಮಾಡುವ ನಮ್ಮ ಕರ್ನಲ್‌ನದೇ ಚಿಕ್ಕ ಕೋಡ್, ಇಎಫ್‌ಐ ಸ್ಟಬ್. ಇಎಫ್‌ಐ ನಕ್ಷೆಯಲ್ಲಿ ಮೆಮೊರಿ ಮ್ಯಾಪ್ಡ್ ಐಓ, ಅಂದರೆ ಸಾಧನಗಳನ್ನು ಮೆಮೊರಿ ವಿಳಾಸದ ಮೂಲಕ ಮುಟ್ಟುವ ಜಾಗ, ಅಂತ ಒಂದು ಬಗೆ ಇದೆ. ಅದರ ಅರ್ಥ ಸ್ಪೆಕ್‌ನಲ್ಲೇ ಇದೆ: ಫರ್ಮ್‌ವೇರ್‌ನ ರನ್‌ಟೈಮ್ ಸೇವೆಗಳಿಗೆ ಈ ಜಾಗ ಕಾಣುವಂತೆ ಮ್ಯಾಪ್ ಮಾಡಿಕೊಡಿ ಅಂತ ಅಷ್ಟೇ. ಮುಟ್ಟಬೇಡಿ ಅಂತ ಅಲ್ಲ. ಅನುವಾದ ಮಾಡುವ ಕೋಡ್ ಅದನ್ನು ರಿಸರ್ವ್ಡ್ ಅಂತ ಬರೆದುಬಿಡುತ್ತಿತ್ತು. ಅಂದರೆ ಇಷ್ಟು ವರ್ಷ ನಾವು ಬಯೋಸ್ ಬರೆದವರನ್ನು ಬೈಯುತ್ತಿದ್ದೆವು, ರಿಸರ್ವ್ಡ್ ಅಂತ ಬರೆದಿದ್ದು ನಮ್ಮ ಕಡೆಯ ಕೋಡೇ. ಬೂಟ್ ಸಾಲಿಗೆ ಇಎಫ್‌ಐ=ಡಿಬಗ್ ಹಾಕಿದರೆ ಮೂಲ ನಕ್ಷೆ ಅಚ್ಚಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

2022ರ ಕೊನೆಯಲ್ಲಿ ತಯಾರಾದ ಪ್ಯಾಚ್ ಇದನ್ನು ಬುಡದಲ್ಲೇ ಹಿಡಿಯಿತು. ಆ ಬಗೆಯ ದೊಡ್ಡ ತುಂಡುಗಳನ್ನು ಇ820ಯಿಂದ ತೆಗೆದುಹಾಕುತ್ತದೆ. ದೊಡ್ಡದು ಅಂದರೆ 256 ಕೆಬಿ ಮತ್ತು ಅದಕ್ಕಿಂತ ಹೆಚ್ಚು. ಚಿಕ್ಕವನ್ನು ಹಾಗೇ ಬಿಡುತ್ತದೆ, ಯಾಕಂದರೆ ಎಕ್ಸ್1 ಕಾರ್ಬನ್‌ನ ಆ 64 ಕೆಬಿ ನೆನಪಿದೆಯಲ್ಲ. ಮುಂದೆ ಕೂತವರೊಬ್ಬರು ನಗುತ್ತಿದ್ದಾರೆ. ಹೌದು, 256 ಅನ್ನುವುದೂ ಅಂದಾಜಿನ ಅಂಕಿಯೇ. ಆದರೆ ಯಾಕೆ ಅಂದಾಜು ಅನ್ನುವುದು ಪ್ಯಾಚ್ ಜೊತೆಗಿನ ಟಿಪ್ಪಣಿಯಲ್ಲಿ, ಕಮಿಟ್ ಮೆಸೇಜ್‌ನಲ್ಲಿ, ಬರೆದಿದೆ. ನಾಳೆ ಯಾರಾದರೂ ಅದನ್ನು ಬದಲಾಯಿಸಬೇಕಾದರೆ ಏನು ಮುರಿಯಬಹುದು ಅಂತ ಗೊತ್ತಿರುತ್ತದೆ. 2018 ಅನ್ನುವ ತಾರೀಖಿಗೆ ಆ ಭಾಗ್ಯ ಇರಲಿಲ್ಲ.

ಇನ್ನು ಮೂರು ವಿಷಯ ಇಟ್ಟುಕೊಂಡಿದ್ದೆ. ಕೆಡಿಸಿದ ಪ್ಯಾಚ್ ಯಾವುದು ಅಂತ ಹುಡುಕುವ ಬೈಸೆಕ್ಟ್ ಯಾವಾಗ ದಾರಿ ತಪ್ಪಿಸುತ್ತದೆ ಅನ್ನುವುದನ್ನು ಬಿಡುತ್ತೇನೆ. ವಿಳಾಸಗಳ ಹಂಚಿಕೆ ತೋರಿಸುವ ಐಒಮೆಮ್ ಫೈಲ್ ಬಗ್ಗೆ ಒಂದೇ ಮಾತು: ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರರಾಗಿ ಓದಿ. ಇಲ್ಲದಿದ್ದರೆ ವಿಳಾಸವೆಲ್ಲ ಸೊನ್ನೆ ಕಾಣುತ್ತದೆ, 'ಕರ್ನಲ್ ಕೆಟ್ಟಿದೆ' ಅಂತ ನನಗೆ ಮೇಲ್ ಬರುತ್ತದೆ. ಮೂರನೆಯದು, ಆ ಒಳ್ಳೆಯ ಪ್ಯಾಚ್ ಕೂಡ ಕೆಲವು ಮಷಿನ್‌ಗಳಲ್ಲಿ ಹೊಸ ತೊಂದರೆ ತಂದಿತು. ಪಿಸಿಐ ಸಾಧನಗಳ ಸೆಟ್ಟಿಂಗ್ ಓದಿ ಬರೆಯುವ ಕಾನ್ಫಿಗ್ ಜಾಗವನ್ನು ಕಾದಿರಿಸಿದೆ ಅಂತ ಅವುಗಳ ಫರ್ಮ್‌ವೇರ್ ಬೇರೆಲ್ಲೂ ಹೇಳಿರಲಿಲ್ಲ. ಇ820ಯ ಆ ಸಾಲೊಂದೇ ಸಾಕ್ಷಿಯಾಗಿತ್ತು, ಅದನ್ನು ನಾವೇ ತೆಗೆದಿದ್ದೆವು. 2023ರ ಜನವರಿಯಲ್ಲಿ ಅದಕ್ಕೆ ಇನ್ನೊಂದು ಪ್ಯಾಚ್ ಬಂತು: ಇಎಫ್‌ಐ ನಕ್ಷೆಯಲ್ಲಿರುವ ಮೂಲ ಸಾಲನ್ನೇ ಸಾಕ್ಷಿಯಾಗಿ ಒಪ್ಪಿಕೊಳ್ಳಿ ಅಂತ. ಅದರ ಕೋಡ್ ಚಿಕ್ಕದು, ಮನೆಗೆ ಹೋಗಿ ಓದಿ. ಪ್ರಶ್ನೆ ಇದ್ದರೆ ಹೊರಗೆ ಕಾಫಿ ಹತ್ತಿರ ಸಿಗುತ್ತೇನೆ. ಆಯೋಜಕರು ಆಗಲೇ ಎದ್ದು ನಿಂತಿದ್ದಾರೆ.