ಲ್ಯಾಬಲ್ಲಿ ಜಗಳ, ಲ್ಯಾಬಲ್ಲಿ ಪ್ರೀತಿ, ಮಧ್ಯದಲ್ಲಿ ನಿಂತಿರೋ ಸ್ಟೂಡೆಂಟು

ಈಗ ರಾತ್ರಿ ಹನ್ನೊಂದೂವರೆ. ನೀವು ನೋಡ್ತಿರೋದು ನಮ್ಮ ಡಿಪಾರ್ಟ್‌ಮೆಂಟ್ ಕಾರಿಡಾರು, ಆ ತುದೀಲಿ ಒಂದೇ ಒಂದು ಲೈಟ್ ಉರೀತಿದ್ಯಲ್ಲ, ಅದು ಕ್ರಿಸ್ಟಲ್ ರೂಮು, ಒಳಗೆ ವರ್ಷಪೂರ್ತಿ 18 ಡಿಗ್ರಿ, ಅದಕ್ಕೇ ಬೆಂಗಳೂರಿನ ಏಪ್ರಿಲ್ ಸೆಖೇಲೂ ನಾನು ಸ್ವೆಟರ್ ಹಾಕ್ಕೊಂಡಿದೀನಿ. ಹೊಸಬ್ರಿಗೆ ಹೇಳ್ಬಿಡ್ತೀನಿ, ನಂದು ಪಿಎಚ್‌ಡಿ ನಾಲ್ಕನೇ ವರ್ಷ, ಪ್ರೋಟೀನನ್ನ ಹರಳು ಮಾಡಿ ಅದರ ಮೇಲೆ ಎಕ್ಸ್-ರೇ ಬಿಟ್ಟು ಆಕಾರ ಕಂಡುಹಿಡಿಯೋ ಕೆಲಸ.

ಹೋದ ಭಾನುವಾರ ಹಾಸ್ಟೆಲಲ್ಲಿ ನಾಲ್ಕು ಜನ ಲ್ಯಾಪ್‌ಟಾಪ್ ಮುಂದೆ ಕೂತು ‘ಲೈಫ್ ಸ್ಟೋರಿ’ ನೋಡಿದ್ವಿ, 1987ರಲ್ಲಿ ಬಿಬಿಸಿಯವ್ರು ಮಾಡಿದ್ದು, ಡಿಎನ್‌ಎ ಆಕಾರ ಕಂಡುಹಿಡಿದ ಕಥೆ, ಕ್ರಿಕ್ ಜೊತೆ ಸೇರಿ ಆ ಆಕಾರದ ಮಾಡೆಲ್ ಕಟ್ಟಿದ ವಾಟ್ಸನ್ ಆಗಿ ಜೆಫ್ ಗೋಲ್ಡ್‌ಬ್ಲಮ್ ಇದಾರೆ, ಡಿಎನ್‌ಎ ಮೇಲೆ ಎಕ್ಸ್-ರೇ ಕೆಲಸ ಮಾಡಿದ ರೊಸಾಲಿಂಡ್ ಫ್ರಾಂಕ್ಲಿನ್ ಆಗಿ ಜೂಲಿಯೆಟ್ ಸ್ಟೀವನ್ಸನ್, ಅದೇ ಲ್ಯಾಬಲ್ಲಿದ್ದ ಮಾರಿಸ್ ವಿಲ್ಕಿನ್ಸ್‌ಗೂ ಫ್ರಾಂಕ್ಲಿನ್‌ಗೂ ಸಿನಿಮಾ ಪೂರ್ತಿ ಜಗಳ. ಮುಗಿದ್ಮೇಲೆ ಇಂಗ್ಲಿಷ್ ಎಂಎ ಮಾಡ್ತಿರೋ ನನ್ನ ರೂಮ್‌ಮೇಟ್ ಕೇಳಿದ್ಲು, ಅಲ್ಲ ಕಣೇ, ಆ ವಿಲ್ಕಿನ್ಸು ಈಯಮ್ಮ ಇಬ್ರೂ ಇಷ್ಟೊಂದು ಮುಖ ಗಂಟು ಹಾಕ್ಕೊಂಡು ಓಡಾಡ್ತಾರಲ್ಲ, ಒಳಗೊಳಗೆ ಏನೋ ಇತ್ತು ತಾನೆ? ಅವಳ ತಪ್ಪಲ್ಲ, ನಾವೆಲ್ಲ ಸಿನಿಮಾ ನೋಡಿ ಬೆಳೆದವ್ರು, ಒಂದು ಹುಡುಗ ಒಂದು ಹುಡುಗಿ ಮೊದಲನೇ ಸೀನಲ್ಲಿ ಜಗಳ ಆಡಿದ್ರೆ ಇಂಟರ್ವಲ್ ಹೊತ್ತಿಗೆ ಹಾಡು ಬರುತ್ತೆ ಅಂತ ನಮಗೆ ಗ್ಯಾರಂಟಿ. ಇದೇ ಕಥೆ ಮೇಲೆ ‘ಫೋಟೋಗ್ರಾಫ್ 51’ ಅಂತ ಒಂದು ನಾಟಕ ಇದೆ, 2015ರಲ್ಲಿ ಲಂಡನ್ನಲ್ಲಿ ನಿಕೋಲ್ ಕಿಡ್ಮನ್ ಫ್ರಾಂಕ್ಲಿನ್ ಪಾರ್ಟ್ ಮಾಡಿದ್ರು, ಅದರಲ್ಲೂ ವಿಲ್ಕಿನ್ಸ್ ಮನಸಲ್ಲಿ ಹೇಳಿಕೊಳ್ಳಲಾಗದ ಪ್ರೀತಿ ಇಟ್ಟಿದಾರೆ. ನಾನು ಅವಳಿಗೆ ಇಲ್ಲ ಅಂದೆ, ಬರೀ ಇಲ್ಲ ಅಂದ್ರೆ ಸಾಲ್ದು ಅನ್ಸ್ತು, ಅದಕ್ಕೇ ಈ ವಿಡಿಯೋ.

ಆ ಜಗಳ ಶುರುವಾಗಿದ್ದು ಒಂದು ಕಾಗದದಿಂದ. ಲಂಡನ್ನಿನ ಕಿಂಗ್ಸ್ ಕಾಲೇಜಲ್ಲಿ ಲ್ಯಾಬ್ ಮುಖ್ಯಸ್ಥರು ಜಾನ್ ರ‍್ಯಾಂಡಲ್, 1950ರ ಡಿಸೆಂಬರಲ್ಲಿ ಅವ್ರು ಫ್ರಾಂಕ್ಲಿನ್‌ಗೆ ಬರೀತಾರೆ, ಡಿಎನ್‌ಎ ಮೇಲಿನ ಎಕ್ಸ್-ರೇ ಕೆಲಸಕ್ಕೆ ಸದ್ಯಕ್ಕೆ ನೀವು ಮತ್ತು ಗಾಸ್ಲಿಂಗ್ ಇಬ್ರೇ ಅಂತ. ಅಲ್ಲಿವರೆಗೂ ಆ ಕೆಲಸ ನಡೆಸ್ತಿದ್ದವರು ಮಾರಿಸ್ ವಿಲ್ಕಿನ್ಸ್, ಅವ್ರಿಗೆ ಈ ಕಾಗದದ ವಿಷಯ ಗೊತ್ತೇ ಇಲ್ಲ! 1951ರ ಜನವರೀಲಿ ಫ್ರಾಂಕ್ಲಿನ್ ಬಂದಾಗ ವಿಲ್ಕಿನ್ಸ್ ರಜೆ ಮೇಲೆ ಹೋಗಿದ್ರು, ವಾಪಸ್ ಬಂದು ನೋಡಿದ್ರೆ ತಮಗೆ ಸಹಾಯಕ್ಕೆ ಅಂತ ಯಾರೋ ಬಂದಿದಾರೆ ಅಂದ್ಕೊಂಡ್ರು, ಫ್ರಾಂಕ್ಲಿನ್ ನೋಡಿದ್ರೆ ಇದು ನನ್ನ ಕೆಲಸ ಅಂತ ಕೂತಿದಾರೆ, ಎರಡು ವರ್ಷ ಇಬ್ರೂ ಒಂದೇ ಬಿಲ್ಡಿಂಗಲ್ಲಿ ಮಾತಿಲ್ದೆ ಓಡಾಡಿದ್ರು. ಇದರಲ್ಲಿ ಪ್ರೀತಿ ಎಲ್ಲಿದೆ ಹೇಳಿ. ಕೆಲಸ ಹಂಚೋ ಜಾಗದಲ್ಲಿ ಕೂತವ್ರು ಎರಡೇ ಎರಡು ಸಾಲು ಇಬ್ರನ್ನೂ ಎದುರು ಕೂರಿಸಿಕೊಂಡು ಹೇಳ್ಲಿಲ್ಲ, ಅಷ್ಟೇ ಆಗಿದ್ದು. ಅದನ್ನ ಹೃದಯದ ವಿಷಯ ಮಾಡಿದ್ರೆ ತಪ್ಪು ಮಾಡಿದವ್ರು ಕಥೆಯಿಂದ ಮೆಲ್ಲಗೆ ಜಾರ್ಕೊಂಡ್ ಬಿಡ್ತಾರೆ ಅನ್ನೋದೇ ನನಗೆ ತಡೆಯೋಕಾಗ್ದೇ ಇರೋ ವಿಷಯ.

ಆದ್ರೆ ನಾನು ಸಿನಿಮಾ ಪೂರ್ತಿ ನೋಡ್ತಾ ಇದ್ದಿದ್ದು ಇವ್ರಿಬ್ರನ್ನೂ ಅಲ್ಲ. ಪಕ್ಕದಲ್ಲಿ ನಿಂತಿರ್ತಾನಲ್ಲ, ರೇಮಂಡ್ ಗಾಸ್ಲಿಂಗ್, ಅವನನ್ನ. ಪಿಎಚ್‌ಡಿ ಸ್ಟೂಡೆಂಟು, ನನ್ನ ಥರಾನೇ, ಅದಕ್ಕೇ ಏಕವಚನ. ಮೊದ್ಲು ಅವ್ನು ವಿಲ್ಕಿನ್ಸ್ ಜೊತೆ ಇದ್ದ, 1950ರಲ್ಲಿ ಅವ್ರಿಬ್ರೂ ಸೇರಿ ಡಿಎನ್‌ಎಯಿಂದ ಒಳ್ಳೊಳ್ಳೆ ಎಕ್ಸ್-ರೇ ಚಿತ್ರ ತೆಗೆದಿದ್ರು, ಆಮೇಲೆ ಒಂದು ದಿನ ಸ್ಟೂಲು ಎತ್ತಿಡೋ ಹಾಗೆ ಅವನನ್ನ ಎತ್ತಿ ಫ್ರಾಂಕ್ಲಿನ್ ಕೈಗೆ ಕೊಟ್ಬಿಟ್ರು, ಎರಡು ವರ್ಷ ಆದ್ಮೇಲೆ ಅವ್ರು ಬೇರೆ ಕಾಲೇಜಿಗೆ ಹೊರಟಾಗ ಮತ್ತೆ ವಾಪಸ್ ವಿಲ್ಕಿನ್ಸ್ ಹತ್ರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಗಂಡನೂ ಇಲ್ಲ ಹೆಂಡತಿನೂ ಇಲ್ಲ, ಕೂಸು ಮಾತ್ರ ಇದೆ.

ಡಿಎನ್‌ಎ ಸುರುಳಿಯಾಕಾರ ಅಂತ ಸ್ಪಷ್ಟವಾಗಿ ತೋರ್ಸಿದ ಆ ಫೇಮಸ್ ಎಕ್ಸ್-ರೇ ಚಿತ್ರ, ಫೋಟೋ 51, ಅದು ತೆಗೆದಿದ್ದು ಇವ್ನೇ, ಫ್ರಾಂಕ್ಲಿನ್ ಮಾರ್ಗದರ್ಶನದಲ್ಲಿ, 1952ರ ಮೇ ಮೊದಲ ವಾರ. ಬರ್ನ್‌ನಿಂದ ರುಡಾಲ್ಫ್ ಸಿಗ್ನರ್ ಅನ್ನೋರು ಕೊಟ್ಟಿದ್ದ ಡಿಎನ್‌ಎ, ಅದು ಅಂಟಂಟು ಲೋಳೆ ಥರ ಇರುತ್ತೆ, ಗಾಜಿನ ಕಡ್ಡಿ ಅದ್ದಿ ಮೆಲ್ಲಗೆ ಮೇಲೆತ್ತಿದ್ರೆ ಜೇಡರ ಬಲೆ ಎಳೆ ಹಾಗೆ ಒಂದು ನೂಲು ಬರುತ್ತೆ. ಅಂಥ ಒಂದು ಎಳೆನ ಕ್ಯಾಮೆರಾ ಒಳಗೆ ಇಟ್ಟು, ಗಾಳಿ ಹೊರಗೆ ಹೋಗ್ಲಿ ಅಂತ ಹೈಡ್ರೋಜನ್ ಬಿಟ್ಟು, ಆ ಹೈಡ್ರೋಜನ್ನನ್ನ ಉಪ್ಪಿನ ದ್ರಾವಣದ ಮೂಲಕ ಹಾಯ್ಸಿ ತೇವ ಎಷ್ಟು ಬೇಕೋ ಅಷ್ಟೇ ಇರೋ ಹಾಗೆ ನೋಡ್ಕೊಂಡು, ಒಟ್ಟು 62 ಗಂಟೆ ಎಕ್ಸ್-ರೇ ಬಿಟ್ಟಿದಾರೆ. 62 ಗಂಟೆ! ಸಿನಿಮಾದಲ್ಲಿ ಅದನ್ನ ಹೇಗೆ ತೋರಿಸ್ತೀರಿ? ಏನೂ ಆಗಲ್ಲ ಅಲ್ಲಿ. ಒಂದು ಮಷೀನು ಗುಂಯ್ ಅಂತಿರುತ್ತೆ, ಒಬ್ಬ ಹುಡುಗ ಬಂದು ನೋಡಿ ಹೋಗ್ತಿರ್ತಾನೆ. ನನಗೆ ಆ ಬಂದು ಹೋಗೋದು ಗೊತ್ತು. ಹಾಸ್ಟೆಲಿಗೆ ಹೋಗಿ ಮಲಗಿದ್ರೆ ಗ್ಯಾಸ್ ಮುಗಿದುಹೋಗಿದ್ರೆ ಅಂತ ಎದ್ದು ಚಪ್ಪಲಿ ಹಾಕ್ಕೊಂಡು ಮತ್ತೆ ಬರೋದು.

ನಮ್ಮ ಲ್ಯಾಬಲ್ಲೂ ಒಂದು ಕಥೆ ಇದೆ, ಹೆಸರು ಹೇಳಲ್ಲ. ಸೀನಿಯರ್ ಒಬ್ರು ಇದಾರೆ, ಹಾಸನದ ಕಡೆಯವ್ರು, ನಾನು ಅಕ್ಕ ಅಂತೀನಿ, ನನಗೆ ಪಿಪೆಟ್ ಹಿಡಿಯೋದ್ರಿಂದ ಎಲ್ಲ ಕಲಿಸಿದವ್ರು. ಹೊರದೇಶದಿಂದ ಬಂದ ಪೋಸ್ಟ್‌ಡಾಕ್ ಒಬ್ರು, ಅಂದ್ರೆ ಪಿಎಚ್‌ಡಿ ಮುಗಿಸಿ ಫೆಲೋಶಿಪ್ ಮೇಲೆ ಕೆಲಸ ಮಾಡೋರು, ಅವ್ರಿಗೆ ಸರ್. ಗೈಡ್ ಒಂದೇ ಪ್ರೋಟೀನನ್ನ ಇಬ್ರಿಗೂ ಬೇರೆ ಬೇರೆ ದಿನ ಬೇರೆ ಬೇರೆಯಾಗಿ ಕರೆದು ಇದು ನಿಮ್ದು ಅಂತ ಕೊಟ್ಟಿದಾರೆ, ಇಬ್ರೂ ಅದನ್ನ ನಂಬಿದಾರೆ, ಪ್ರೋಟೀನ್ ಪ್ಯೂರಿಫೈ ಮಾಡೋಳು ಮಾತ್ರ ನಾನೊಬ್ಳು. ಮೂರು ದಿನ ಕೋಲ್ಡ್ ರೂಮಲ್ಲಿ ನಿಂತು ಕಾಲಮ್ ಓಡಿಸಿ ಕೊನೆಗೆ ಒಂದು ಮಿಲಿಲೀಟರ್ ಕೈಗೆ ಬಂದ್ರೆ ಎರಡು ಟ್ಯೂಬಿಗೆ ಹಾಕ್ಬೇಕು, ಹಾಕೋವಾಗ ಕೈ ನಡುಗುತ್ತೆ, ಯಾಕಂದ್ರೆ ಸಾಯಂಕಾಲ ಒಬ್ರಾದ್ಮೇಲೆ ಒಬ್ರು ಬಂದು ಅವ್ರಿಗೆ ಎಷ್ಟು ಕೊಟ್ಟೆ ಅಂತ ಕೇಳ್ತಾರೆ. ಐದು ತಿಂಗಳು ಅವ್ರು ಮಾತಾಡಿದ್ದೆಲ್ಲ ನನ್ನ ಮೂಲಕವೇ, ಅವ್ರಿಗೆ ಹೇಳು ಸೆಂಟ್ರಿಫ್ಯೂಜ್ ಬುಕ್ ಮಾಡಿರೋದು ನಾನು ಅಂತ, ಹೇಳು ಆ ಬಫರ್ ಮುಟ್ಬೇಡಿ ಅಂತ. ಇಬ್ರೂ ಕೆಟ್ಟವ್ರಲ್ಲ. ಅಕ್ಕಂಗೆ ಆರನೇ ವರ್ಷ, ಈ ಪೇಪರ್ ಇಲ್ದೆ ಥೀಸಿಸ್ ಸಬ್ಮಿಟ್ ಆಗಲ್ಲ, ಸರ್‌ಗೆ ಫೆಲೋಶಿಪ್ ಮುಗಿಯೋಕೆ ಎಂಟು ತಿಂಗಳಿದೆ, ಮನೇಲಿ ಚಿಕ್ಕ ಮಗು. ಪೈಪೋಟಿ ಅಂದ್ರೆ ಇದು, ಇದರಲ್ಲಿ ವಿಲನ್ ಹುಡುಕೋಕೆ ಹೋದ್ರೆ ಸಿಗಲ್ಲ, ಕ್ಯಾಲೆಂಡರ್ ಸಿಗುತ್ತೆ.

ಮತ್ತೆ ಪ್ರೀತಿ? ಇರುತ್ತೆ, ಲ್ಯಾಬಲ್ಲಿ ಖಂಡಿತ ಇರುತ್ತೆ, ಅದನ್ನೂ ಹೇಳ್ಬೇಕು, ಇಲ್ಲಾಂದ್ರೆ ನಾನು ಸುಳ್ಳು ಹೇಳ್ದಂಗಾಗುತ್ತೆ. ಆದ್ರೆ ಅದು ಕಾರಿಡಾರಲ್ಲಿ ಡಿಕ್ಕಿ ಹೊಡೆದು ಬುಕ್ಸ್ ಬಿದ್ದು ಶುರುವಾಗಲ್ಲ, ಬಣ್ಣದ ನೀರು ತುಂಬಿದ ಬೀಕರಿಂದ ಹೊಗೆ ಬಂದಾಗ್ಲೂ ಅಲ್ಲ. ಕಾಯೋದರಲ್ಲಿ ಶುರುವಾಗುತ್ತೆ. ನನಗಂತೂ ಹಾಗೇ ಆಯ್ತು. ಪಕ್ಕದ ಲ್ಯಾಬಿನವ್ರು, ವಿಜಯಪುರದವ್ರು, ಎಕ್ಸ್-ರೇ ಮಷೀನಲ್ಲಿ ನನ್ನ ಸ್ಲಾಟ್ ಮುಗಿದ್ಮೇಲೆ ಅವ್ರ ಸ್ಲಾಟ್, ರಾತ್ರಿ ಎರಡು ಗಂಟೆಗೆ ಬಂದು ನನ್ನ ಡೇಟಾ ಮುಗಿಯೋವರೆಗೂ ಸುಮ್ನೆ ಕೂತಿರೋರು, ಒಂದಿನ ಡಬ್ಬಿ ತೆಗೆದು ಚಪಾತಿ ಶೇಂಗಾ ಹಿಂಡಿ ಮುಂದಿಟ್ಟು, ತಿನ್ರೀ, ಎಷ್ಟೊತ್ತಂತ ಹಸ್ಕೊಂಡು ಕೂಡ್ತೀರಿ ಅಂದ್ರು. ಎಂಟು ತಿಂಗಳು ಆ ‘ರೀ’ ಬಿಡ್ಲಿಲ್ಲ. ಸ್ಕ್ರೀನ್ ಮೇಲೆ ಒಂದೊಂದೇ ಫ್ರೇಮ್ ಬರೋದು, ನಾವಿಬ್ರೂ ಆ ಕಪ್ಪು ಚುಕ್ಕೆಗಳನ್ನ ನೋಡ್ತಾ ಮಾತಿಲ್ದೆ ಕೂತಿರ್ತಿದ್ವಿ, ಅದಕ್ಕಿಂತ ಹತ್ತಿರ ನಾನು ಯಾರ ಜೊತೆನೂ ಕೂತಿರ್ಲಿಲ್ಲ ಅನ್ಸುತ್ತೆ.

ಇದನ್ನ ಸರಿಯಾಗಿ ಹಿಡಿದಿರೋ ಒಂದು ಸಿನಿಮಾ ಇದೆ, ಹಳೇದು, 1943ರ ‘ಮೇಡಮ್ ಕ್ಯೂರಿ’, ಗ್ರೀರ್ ಗಾರ್ಸನ್ ಮತ್ತು ವಾಲ್ಟರ್ ಪಿಜನ್. ಅದರಲ್ಲಿ ಕ್ಯೂರಿ ದಂಪತಿ ರೇಡಿಯಂಗೋಸ್ಕರ ವರ್ಷಗಟ್ಟಲೆ ಅದಿರು ಬೇಯ್ಸಿ ಸೋಸಿ ಕೊನೆಗೆ ನೋಡಿದ್ರೆ ಬಟ್ಟಲಲ್ಲಿ ಏನೂ ಇಲ್ಲ, ಒಂದು ಕಲೆ ಅಷ್ಟೆ, ಇಬ್ರೂ ಸೋತು ಮನೆಗೆ ಹೋಗ್ತಾರೆ, ಆಮೇಲೆ ರಾತ್ರಿ ವಾಪಸ್ ಬಂದು ಬಾಗಿಲು ತೆಗೆದ್ರೆ ಆ ಕಲೆನೇ ಕತ್ತಲಲ್ಲಿ ಹೊಳೀತಿರುತ್ತೆ. ಹಾಲಿವುಡ್ಡು ಸ್ವಲ್ಪ ಸಕ್ಕರೆ ಜಾಸ್ತಿ ಹಾಕಿದೆ, ನಿಜ, ಆದ್ರೆ ರಾತ್ರಿ ಹೊತ್ತು ಆ ಶೆಡ್ಡಿಗೆ ಹೋಗಿ ಮಂದ ಬೆಳಕು ನೋಡ್ತಿದ್ವಿ ಅಂತ ಮೇರಿ ಕ್ಯೂರಿ ತಾವೇ ಬರ್ಕೊಂಡಿದಾರೆ. 1895ರಲ್ಲಿ ಅವ್ರು ಮದುವೆಗೆ ಗಾಢ ನೀಲಿ ಬಟ್ಟೆ ಹಾಕ್ಕೊಂಡ್ರು, ಆಮೇಲೆ ಲ್ಯಾಬಿಗೂ ಆಗ್ಲಿ ಅಂತ. 1902ರ ಹೊತ್ತಿಗೆ ಟನ್‌ಗಟ್ಟಲೆ ಅದಿರಿಂದ ಸಿಕ್ಕಿದ್ದು 0.1 ಗ್ರಾಂ ರೇಡಿಯಂ ಕ್ಲೋರೈಡು. ಆ ಮದುವೆ ಬಟ್ಟೆ ವಿಷಯ ಓದಿದಾಗೆಲ್ಲ ನನಗೆ ಕಣ್ಣು ತುಂಬುತ್ತೆ.

ಪ್ರೀತಿಯ ಹೆಸರಲ್ಲಿ ಲ್ಯಾಬಿನ ಬಾಗಿಲನ್ನೇ ಹಾಕಿದ್ದೂ ಇದೆ, ಅದು ಇದೇ ಬೆಂಗಳೂರಲ್ಲಿ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಆದವ್ರು, ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಐಐಎಸ್‌ಸಿಗೆ, ಅರ್ಜಿ ಹಾಕಿದಾಗ ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್ ಹೆಂಗಸು ಅನ್ನೋ ಕಾರಣಕ್ಕೆ ಬೇಡ ಅಂದ್ರು, ಅವ್ರು ಹಠ ಹಿಡಿದು ಕೂತ್ಮೇಲೆ ಸೇರಿಸ್ಕೊಂಡ್ರು, ಅದೂ ಷರತ್ತಿನ ಮೇಲೆ, ಗಂಡು ಹುಡುಗ್ರ ಗಮನ ಕೆಡಿಸಬಾರದು ಅಂತ. ನೋಡಿ, ಅವ್ರು ಇನ್ನೂ ಒಂದು ಟೆಸ್ಟ್ ಟ್ಯೂಬ್ ಮುಟ್ಟಿಲ್ಲ, ಆಗ್ಲೇ ಕಥೆ ಬರೆದಾಗಿದೆ. ಕಮಲಾ ಅವ್ರು ಮುಂದೆ ಕೇಂಬ್ರಿಡ್ಜಿಗೆ ಹೋಗಿ 1939ರಲ್ಲಿ ಪಿಎಚ್‌ಡಿ ತಗೊಂಡ್ರು, ಆಲೂಗಡ್ಡೇಲಿ ಸೈಟೋಕ್ರೋಮ್ ಸಿ, ಅಂದ್ರೆ ಜೀವಕೋಶದ ಉಸಿರಾಟಕ್ಕೆ ಬೇಕಾದ ಪ್ರೋಟೀನು, ಇದೆ ಅಂತ ತೋರ್ಸಿದವ್ರು. ಲ್ಯಾಬಲ್ಲಿರೋ ಹೆಂಗಸನ್ನ ಸಿನಿಮಾದವ್ರು ಮೊದ್ಲು ಪ್ರೇಮಕಥೆ ಅಂತ್ಲೇ ನೋಡೋದಿದ್ಯಲ್ಲ, ಅದು ಸಿನಿಮಾದಲ್ಲಿ ಹುಟ್ಟಿದ್ದಲ್ಲ.

ಪೈಪೋಟಿ ಮೇಲೆ ನನಗೆ ಬರೀ ಸಿಟ್ಟಿದೆ ಅಂದ್ಕೋಬೇಡಿ. ಜಿ.ಎನ್. ರಾಮಚಂದ್ರನ್ ಕಥೆ ಯಾರಾದ್ರೂ ಸಿನಿಮಾ ಮಾಡ್ಲಿ ಅಂತ ನನಗೆ ಎಷ್ಟು ಆಸೆ ಗೊತ್ತಾ. 1954ರಲ್ಲಿ ಮದರಾಸಲ್ಲಿ ಕೂತು ಅವ್ರೂ ಗೋಪಿನಾಥ ಕರ್ತಾ ಅವ್ರೂ ಕೊಲಾಜನ್ ಅನ್ನೋ ಪ್ರೋಟೀನು ಮೂರೆಳೆ ಜಡೆ ಅಂತ ‘ನೇಚರ್’ ಅನ್ನೋ ವಿಜ್ಞಾನ ಪತ್ರಿಕೇಲಿ ಬರೆದ್ರು, ಮಾರನೇ ವರ್ಷ ಅವ್ರೇ ಅದನ್ನ ತಿದ್ದಿದ್ರು, ಅದೇ ವರ್ಷ ಅಲೆಕ್ಸಾಂಡರ್ ರಿಚ್ ಮತ್ತು ಕ್ರಿಕ್, ಅದೇ ಡಿಎನ್‌ಎ ಕ್ರಿಕ್ಕು, ತಮ್ಮದೊಂದು ಮಾಡೆಲ್ ಹಿಡ್ಕೊಂಡು ಬಂದ್ರು, ನಿಮ್ಮದರಲ್ಲಿ ಪರಮಾಣುಗಳು ತೀರಾ ಹತ್ತಿರ ಬಂದಿವೆ, ಅಷ್ಟು ಹತ್ತಿರ ಬರೋಕಾಗಲ್ಲ ಅನ್ನೋದು ತಕರಾರು. ರಾಮಚಂದ್ರನ್ ಅವ್ರು ಜಗಳಕ್ಕೆ ಕೂರ್ಲಿಲ್ಲ, ಹಾಗಾದ್ರೆ ಎಷ್ಟು ಹತ್ತಿರ ಬರಬಹುದು ಅಂತಲೇ ಹುಡುಕೋಕೆ ಕೂತ್ರು, ಆಗ ಗೊತ್ತಿದ್ದ ಹರಳುಗಳ ಅಳತೆ ಎಲ್ಲ ಜಾಲಾಡಿದ್ರು, ಅದರಿಂದ 1963ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಬಂದಿದ್ದೇ ರಾಮಚಂದ್ರನ್ ಪ್ಲಾಟ್, ಪ್ರೋಟೀನಿನ ಸರಪಳಿ ಯಾವ್ಯಾವ ಕೋನದಲ್ಲಿ ತಿರುಗಬಹುದು ಅಂತ ತೋರ್ಸೋ ನಕ್ಷೆ. ಇವತ್ತಿಗೂ ನಾನು ಒಂದು ಸ್ಟ್ರಕ್ಚರ್ ಮುಗಿಸಿದ್ರೆ ಅದು ಸರಿ ಇದ್ಯಾ ಅಂತ ಮೊದ್ಲು ನೋಡೋದೇ ಆ ಪ್ಲಾಟ್ ಮೇಲೆ. ತಕರಾರನ್ನ ತಗೊಂಡು ಹೋಗಿ ಬೆಂಚ್ ಮೇಲಿಟ್ಟವ್ರು ಅವ್ರು, ಮುಂದೆ ಬೆಂಗಳೂರಿಗೇ ಬಂದ್ರು.

ಗಾಸ್ಲಿಂಗ್ ವಿಷಯ ಪೂರ್ತಿ ಹೇಳ್ಲಿಲ್ಲ. ಮತ್ತೆ ವಿಲ್ಕಿನ್ಸ್ ಕೈಕೆಳಗೆ ಹೋದಾಗ ಆ ಫೋಟೋನೂ ಅವ್ರ ಕೈ ಸೇರ್ತು, 1953ರ ಜನವರಿ 30ಕ್ಕೆ ವಿಲ್ಕಿನ್ಸ್ ಅದನ್ನ ವಾಟ್ಸನ್‌ಗೆ ತೋರ್ಸಿದ್ರು, ಏಪ್ರಿಲ್ 25ಕ್ಕೆ ‘ನೇಚರ್’ನಲ್ಲಿ ಡಿಎನ್‌ಎ ಆಕಾರದ ಮೇಲೆ ಮೂರು ಪೇಪರ್ ಒಟ್ಟಿಗೆ ಬಂತು. ಮೂರನೇದು ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್, ಹೆಸರಿದೆ ಅವ್ನದ್ದು. ಫ್ರಾಂಕ್ಲಿನ್ ಕಾಲೇಜು ಬಿಟ್ಮೇಲೆ ಡಿಎನ್‌ಎ ಬಗ್ಗೆ ಯೋಚನೆ ಬಿಡಿ, ಆ ಹುಡುಗನ ಜೊತೆ ಚರ್ಚೆನೂ ಬೇಡ ಅಂತ ರ‍್ಯಾಂಡಲ್ ಬರೆದ್ರೂ ಫ್ರಾಂಕ್ಲಿನ್ ಅವನ ಥೀಸಿಸ್‌ಗೆ ಸಹಾಯ ಮಾಡೋದು ಬಿಡ್ಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೇಲಿ ಪ್ರೀತಿ ಅನ್ನೋ ಪದ ಎಲ್ಲಾದ್ರೂ ಹಾಕೋದಿದ್ರೆ ಇಲ್ಲೇ ಹಾಕ್ತೀನಿ. 1958ರಲ್ಲಿ ಅವ್ರು ಹೋಗ್ಬಿಟ್ರು, ಆಗ 37 ವರ್ಷ.

ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ಇದೇ ರೂಮಲ್ಲಿ ಹರಳು ಬೆಳೆಸೋ ಟ್ರೇಯ ಸಿ4 ಅನ್ನೋ ಗುಳೀಲಿ ಹರಳು ಕಂಡೆ. ಸಾಸಿವೆಗಿಂತ ಚಿಕ್ಕದು, ಅಂಚು ಚೂಪಾಗಿ, ಬೆಳಕು ತಿರುಗಿಸಿದ್ರೆ ಬಣ್ಣ ಬದಲಾಗೋದು. ಕೈಯಲ್ಲಿ ಫೋನು, ಮೊದ್ಲು ಅಕ್ಕಂಗೆ ಹೇಳ್ಲಾ ಸರ್‌ಗೆ ಹೇಳ್ಲಾ ಅಂತ ಹತ್ತು ನಿಮಿಷ ನಿಂತಿದ್ದೆ, ಅಡಕತ್ತರೀಲಿ ಸಿಕ್ಕ ಅಡಿಕೆ ಹಾಗೆ. ಕೊನೆಗೆ ಎಲ್ರೂ ಇರೋ ಗ್ರೂಪಿಗೆ ಫೋಟೋ ಹಾಕ್ದೆ, ಟ್ರೇ ಮುಚ್ಚಳದ ಮೇಲೆ ತಾರೀಖು, ಬ್ಯಾಚ್ ನಂಬರು, ನನ್ನ ಇನಿಷಿಯಲ್ಲು, ಎಲ್ಲ ಕಾಣೋ ಹಾಗೆ. ಬೆಳಿಗ್ಗೆ ಏಳಕ್ಕೆಲ್ಲ ಇಬ್ರೂ ಬಂದಿದ್ರು. ಒಬ್ರಾದ್ಮೇಲೆ ಒಬ್ರು ಮೈಕ್ರೋಸ್ಕೋಪಲ್ಲಿ ನೋಡಿದ್ರು, ತುಂಬಾ ಹೊತ್ತು. ಆಮೇಲೆ ಅಕ್ಕ ನನ್ನ ಕಡೆ ತಿರುಗ್ದೆ ಸೀದಾ ಅವ್ರನ್ನೇ ಕೇಳಿದ್ರು, ಕ್ರಯೋಗೆ ಏನ್ ಹಾಕೋಣ? ಗ್ಲಿಸರಾಲ್ ಜಾಸ್ತಿಯಾದ್ರೆ ಬಿರುಕು ಬಿಡ್ಬೋದು, ಸ್ವಲ್ಪದ್ರಿಂದ ಶುರು ಮಾಡೋಣ ಅಂದ್ರು ಅವ್ರು. ಕ್ರಯೋ ಅಂದ್ರೆ ಎಕ್ಸ್-ರೇ ಬಿಡೋ ಮೊದ್ಲು ಹರಳನ್ನ ಗಡ್ಡೆಕಟ್ಟಿಸೋದು, ಅದಕ್ಕೇ ನಾನು ಲಿಕ್ವಿಡ್ ನೈಟ್ರೋಜನ್ ಡಬ್ಬ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ.

ಮೊದಲ ಹೆಸರು ಯಾರ್ದು ಅಂತ ಇನ್ನೂ ಇತ್ಯರ್ಥ ಆಗಿಲ್ಲ. ಆ ಹರಳು ಕ್ರಯೋದಲ್ಲಿ ಹಾಳಾಯ್ತು, ಹೊಸ ಟ್ರೇ ಹಾಕಿ ಇವತ್ತಿಗೆ ಒಂಬತ್ತು ದಿನ. ಕ್ಯಾಮೆರಾ ಇಲ್ಲೇ ಹೊರಗೆ ಇಡ್ತೀನಿ, ಒಳಗೆ ಹೋಗಿ ನೋಡ್ಕೊಂಡು ಬರ್ತೀನಿ.