ಮನಸ್ಸಿನ ಲ್ಯಾಬ್ ನಡೆಸುವವರು

ಕೇಳುಗರಿಗೆ ನಮಸ್ಕಾರ.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರ ಹೆಸರು ನೀವು ಕೇಳಿರುತ್ತೀರಿ. ವೃತ್ತಿಯಿಂದ ಅವರು ಮನಃಶಾಸ್ತ್ರದ ಪ್ರೊಫೆಸರ್. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದವರು ಅವರೇ. ಹಾಗಾಗಿ ರೇಡಿಯೋದಲ್ಲಿ ಕೂತು ಮನಃಶಾಸ್ತ್ರದ ಲ್ಯಾಬ್ ಬಗ್ಗೆ ಮಾತಾಡಲು ನನಗೇನೂ ಸಂಕೋಚವಿಲ್ಲ. ಎರಡೂ ಹಳೇ ನೆಂಟರು.

ದೊಡ್ಡ ಸಿದ್ಧಾಂತಗಳ ತಂಟೆಗೆ ಇವತ್ತು ಹೋಗುವುದಿಲ್ಲ. ಲ್ಯಾಬ್ ನಡೆಸುವ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೀಗ ತೆಗೆಯುವುದು, ಬಂದವರನ್ನು ಕೂರಿಸುವುದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು, ಇಂಥವು. ಸಂಶೋಧನಾ ಪೇಪರಿನಲ್ಲಿ ಹೆಸರು ಬರುವುದು ಪ್ರೊಫೆಸರದ್ದು. ಆದರೆ ಫಲಿತಾಂಶ ಗಟ್ಟಿಯೋ ಟೊಳ್ಳೋ ಅನ್ನುವುದು ಎಷ್ಟೋ ಸಲ ಬಾಗಿಲಲ್ಲಿ ನಿಂತು ‘ಬನ್ನಿ, ಕೂತ್ಕೊಳ್ಳಿ’ ಅಂದವರ ಕೈಯಲ್ಲಿರುತ್ತದೆ.

ಜಾಸ್ತಿ ಹೇಳಿದೆ ಅನ್ನಿಸಿತಾ? ಅಮೆರಿಕದ ರಾಬರ್ಟ್ ರೋಸೆಂಥಾಲ್ ಮತ್ತು ಅವರ ಜೊತೆಗಾರರ ಒಂದು ಪ್ರಯೋಗ 1963ರಲ್ಲಿ ಪ್ರಕಟವಾಯಿತು. 12 ವಿದ್ಯಾರ್ಥಿಗಳಿಗೆ ತಲಾ ಐದು ಇಲಿ ಕೊಟ್ಟಿದ್ದರು. ಅರ್ಧ ಜನಕ್ಕೆ ‘ಇವು ಚುರುಕು ತಳಿ’ ಅಂದರು, ಉಳಿದವರಿಗೆ ‘ದಡ್ಡ ತಳಿ’ ಅಂದರು. ನಿಜಕ್ಕೂ ಎಲ್ಲವೂ ಒಂದೇ ಥರದ ಸಾಮಾನ್ಯ ಇಲಿಗಳು. ಆದರೂ ಚುರುಕು ಅಂತ ಹೆಸರು ಪಡೆದವೇ ಕವಲು ಹಾದಿಯಲ್ಲಿ ಸರಿಯಾದ ದಾರಿ ಹಿಡಿಯುವುದನ್ನು ಚೆನ್ನಾಗಿ ಕಲಿತವು. ಇಲಿಗಳ ಪಾಡೇ ಹೀಗಾದರೆ ಮನುಷ್ಯರದ್ದು ಕೇಳಬೇಕಾ?

ಮನುಷ್ಯರದ್ದೂ ನೋಡಿದ್ದಾರೆ. ಮುಪ್ಪಿಗೆ ಸಂಬಂಧಪಟ್ಟ ಪದಗಳನ್ನು ಓದಿಸಿದರೆ ಹುಡುಗರು ಕಾರಿಡಾರಿನಲ್ಲಿ ನಿಧಾನವಾಗಿ ನಡೆಯುತ್ತಾರೆ ಅಂತ 1996ರಲ್ಲಿ ನ್ಯೂಯಾರ್ಕಿನ ಒಂದು ಅಧ್ಯಯನ ಹೇಳಿತ್ತು. ತುಂಬಾ ಹೆಸರಾಯಿತು. 2012ರಲ್ಲಿ ಬ್ರಸೆಲ್ಸಿನ ಸಂಶೋಧಕರು ಸ್ಟಾಪ್‌ವಾಚ್ ಬದಲು ಇನ್‌ಫ್ರಾರೆಡ್ ಸೆನ್ಸರ್ ಇಟ್ಟು ಅದನ್ನೇ ಮತ್ತೆ ಮಾಡಿದರು. ನಿಧಾನ ಕಾಣಲಿಲ್ಲ. ಆಮೇಲೆ ಪ್ರಯೋಗ ನಡೆಸುವವರಲ್ಲೇ ಕೆಲವರಿಗೆ ‘ಇವರು ನಿಧಾನ ನಡೆಯುತ್ತಾರೆ’ ಅಂತ, ಕೆಲವರಿಗೆ ‘ಬೇಗ ನಡೆಯುತ್ತಾರೆ’ ಅಂತ ಮೊದಲೇ ಹೇಳಿಟ್ಟರು. ನಿಧಾನ ಅಂತ ನಂಬಿದ್ದವರ ಮುಂದೆ ಮಾತ್ರ ಜನ ನಿಧಾನವಾಗಿ ನಡೆದರು!

ಇದನ್ನು ಓದಿದ ಮೇಲೆ ಲ್ಯಾಬ್ ನಡೆಸುವವರಿಗೆ ಸುಮ್ನೆ ಕೂರಲು ಆಗುವುದಿಲ್ಲ. ಸೂಚನೆಗಳನ್ನು ಬರೆದಿಟ್ಟುಕೊಂಡು, ಒಂದಕ್ಷರ ಬದಲಿಸದೆ ಎಲ್ಲರಿಗೂ ಓದಬೇಕು, ನಾನೀಗ ಓದುತ್ತಿದ್ದೇನಲ್ಲ, ಹಾಗೆ. ಯಾರು ಯಾವ ಗುಂಪು ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು. ಎದುರಿಗೆ ಕೂತು ಪ್ರಯೋಗ ನಡೆಸುವ ಸಂಶೋಧನಾ ವಿದ್ಯಾರ್ಥಿಗೆ ಅದು ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಅವನು ಪಿಎಚ್‌ಡಿ ಮುಗಿಸುವ ಆತುರದಲ್ಲಿರುತ್ತಾನೆ. ಬೇಕಾದ ಉತ್ತರ ಬಂದಾಗ ಅವನಿಗೇ ತಿಳಿಯದೆ ಮುಖ ಅರಳುತ್ತದೆ.

ಯಂತ್ರಗಳನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸಾಮಾನ್ಯ ಕಂಪ್ಯೂಟರ್ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 17 ಮಿಲಿಸೆಕೆಂಡ್. ಹತ್ತೇ ಮಿಲಿಸೆಕೆಂಡ್ ತೋರಿಸು ಅಂದರೆ ಅದರ ಕೈಲಿ ಆಗುವುದಿಲ್ಲ. ಕೀಬೋರ್ಡ್ ಬೇರೆಯಾದರೂ ಕೆಲವು ಮಿಲಿಸೆಕೆಂಡ್ ಹೆಚ್ಚುಕಮ್ಮಿ. ಉತ್ತರ ಕೊಡಲು ಎರಡು ಗುಂಪಿನವರು ತೆಗೆದುಕೊಳ್ಳುವ ಸಮಯದಲ್ಲಿ ನಾವು ಹುಡುಕುವ ವ್ಯತ್ಯಾಸವೇ ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ಇರುತ್ತದೆ. ಒಂದು ಗುಂಪನ್ನೆಲ್ಲ ಕಿಟಕಿ ಪಕ್ಕದ ಹಳೇ ಕಂಪ್ಯೂಟರಿಗೆ, ಇನ್ನೊಂದನ್ನೆಲ್ಲ ಹೊಸದಕ್ಕೆ ಕೂರಿಸಿದರೆ, ಅಳೆದದ್ದು ಮನಸ್ಸನ್ನೋ ಕೀಬೋರ್ಡನ್ನೋ ದೇವರೇ ಬಲ್ಲ.

ಇನ್ನು ಜನ. ಬರುತ್ತೇನೆ ಅಂದವರು ಬರುವುದಿಲ್ಲ. ಇಂಟರ್ನಲ್ಸ್ ಹತ್ತಿರ ಬಂದರಂತೂ ಬುಕಿಂಗ್ ಪಟ್ಟಿ ತುಂಬಿರುತ್ತದೆ, ಕೋಣೆ ಖಾಲಿ ಇರುತ್ತದೆ. ಬಂದವರು ಹಾಸ್ಟೆಲ್‌ಗೆ ಹೋಗಿ ‘ಅದೇನೂ ಇಲ್ಲ ಕಣೋ, ನೆನಪಿನ ಪರೀಕ್ಷೆ’ ಅಂದುಬಿಟ್ಟರೆ ಮರುದಿನ ಬರುವವರು ತಯಾರಾಗಿಯೇ ಬರುತ್ತಾರೆ. ಅದಕ್ಕೇ ಕೊನೆಯಲ್ಲಿ ‘ಇದು ಯಾತಕ್ಕೆ ಅಂತ ನಿಮಗೆ ಅನ್ನಿಸಿತು?’ ಅಂತ ಕೇಳಿ, ಉತ್ತರ ಬರೆದಿಟ್ಟುಕೊಳ್ಳಬೇಕು. ಆಮೇಲೆ ನಿಜವಾದ ಉದ್ದೇಶ ತಿಳಿಸಬೇಕು.

ಒಪ್ಪಿಗೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಪಾಠ ಮಾಡುವ ಮೇಷ್ಟ್ರೇ ‘ಬರ್ತೀಯೇನಪ್ಪ?’ ಅಂದರೆ ಯಾವ ಹುಡುಗ ಇಲ್ಲ ಅಂತಾನೆ? ಆದ್ದರಿಂದ ಕರೆಯುವ ಕೆಲಸ ಮಾರ್ಕ್ಸ್ ಕೊಡುವವರ ಕೈಯಲ್ಲಿ ಇರಬಾರದು. ಬರದೇ ಹೋದವರಿಗೆ ನಷ್ಟವೂ ಆಗಬಾರದು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಒಂದು ವಿದ್ಯುತ್ ಶಾಕ್ ಪ್ರಯೋಗ ಶುರು ಮಾಡಿದರು. ಹೇಳಿದರೆ ಜನ ಇನ್ನೊಬ್ಬರಿಗೆ ಶಾಕ್ ಕೊಡುತ್ತಾರಾ ಅಂತ ನೋಡಿದ ಪ್ರಯೋಗ ಅದು, ಶಾಕ್ ಮಾತ್ರ ನಾಟಕ. ಅದು ನೀತಿಯ ದೃಷ್ಟಿಯಿಂದ ಇವತ್ತಿಗೂ ಬೈಸಿಕೊಳ್ಳುತ್ತದೆ. ಬೈಯುವವರಲ್ಲಿ ನಾನೂ ಒಬ್ಬ. ಆದರೆ ಅಲ್ಲೂ ಬಂದವರಿಗೆ ನಾಲ್ಕು ಡಾಲರ್, ಬಸ್ಸಿಗೆ ಐವತ್ತು ಸೆಂಟ್ ಕೊಟ್ಟು, ‘ಮುಂದೆ ಏನೇ ಆಗಲಿ, ಈ ದುಡ್ಡು ನಿಮ್ಮದೇ’ ಅಂತ ಹೇಳುತ್ತಿದ್ದರು. ಆ ಒಂದು ಪದ್ಧತಿ ಸರಿ. ಅರ್ಧಕ್ಕೆ ಎದ್ದು ಹೋದವರ ಹಣ ಹಿಡಿದಿಟ್ಟುಕೊಂಡರೆ ಒಪ್ಪಿಗೆ ಪತ್ರಕ್ಕೆ ಬೆಲೆ ಎಲ್ಲಿ?

ನಿಮ್ಮ ಮನೆಯ ಮಕ್ಕಳನ್ನು ಯಾರಾದರೂ ಇಂಥ ಪ್ರಯೋಗಕ್ಕೆ ಕರೆಯಬಹುದು. ಹೋಗಲಿ ಬಿಡಿ, ಕುತೂಹಲದ ಅನುಭವ ಅದು. ಪ್ರಯೋಗ ನೀತಿಗೆ ಸರಿಯಾಗಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಅನುಮತಿ ಇದೆಯಾ ಅಂತ ಮಾತ್ರ ಕೇಳಲು ಹೇಳಿ. ಹೆಸರು ಇರುವ ಪಟ್ಟಿಯನ್ನೂ ಉತ್ತರಗಳನ್ನೂ ಬೇರೆ ಬೇರೆ ಇಡುತ್ತಾರಾ, ಹೆಸರಿನ ಪಟ್ಟಿ ಇರುವ ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ ಅಂತಲೂ ಕೇಳಲಿ. ಲ್ಯಾಬ್ ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ನಮಸ್ಕಾರ.