ಜಾರ್ಜಿಯಾದಲ್ಲಿ ರಗ್ಬಿ: ಎದುರಾಳಿಗಳ ಪ್ರಶ್ನೆ

ಮಾನ್ಯ ಅಧ್ಯಕ್ಷರೇ, ಕ್ರೀಡಾಸಕ್ತ ಸಭಿಕರೇ,

ಒಂದು ಕ್ರೀಡೆ ಹೊಸ ನೆಲದಲ್ಲಿ ಬೇರೂರಲು ಆಟಗಾರರು, ಮೈದಾನ ಮತ್ತು ಹಣ ಬೇಕೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇವುಗಳ ಜೊತೆಗೆ ತಕ್ಕ ಎದುರಾಳಿಯೂ ಬೇಕು. ಅದು ಮಾತ್ರ ನಮ್ಮ ಪ್ರಯತ್ನದಿಂದಷ್ಟೇ ದಕ್ಕುವುದಿಲ್ಲ, ಎದುರಿನವರೂ ಒಪ್ಪಬೇಕು. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ, ಕಾಕಸಸ್ ಪರ್ವತಗಳ ಮಡಿಲಿನ ಜಾರ್ಜಿಯಾದ ಕಥೆಯನ್ನು ಈ ದೃಷ್ಟಿಯಿಂದ ನೋಡಬೇಕೆಂದು ನನ್ನ ಅಭಿಪ್ರಾಯ.

ಆ ದೇಶದ ಗುರಿಯಾ ಪ್ರಾಂತ್ಯದ ಶುಖುತಿ ಎಂಬಲ್ಲಿ ಈಸ್ಟರ್ ಹಬ್ಬದಂದು ಸುಮಾರು 16 ಕಿಲೋ ತೂಕದ ಚೆಂಡಿಗಾಗಿ ಊರಿನ ಎರಡು ಭಾಗಗಳ ಜನ ಗುಂಪುಗಟ್ಟಿ ಸೆಣಸುತ್ತಾರೆ; ಗೆದ್ದವರು ಆ ಚೆಂಡನ್ನು ತಮ್ಮ ಕಡೆಯ ಮೃತರೊಬ್ಬರ ಸಮಾಧಿಯ ಮೇಲಿಡುತ್ತಾರೆ. ಲೆಲೊ ಬುರ್ತಿ ಎಂಬ ಈ ಆಟವನ್ನು ತೋರಿಸಿ, ರಗ್ಬಿ ಜಾರ್ಜಿಯನ್ನರ ರಕ್ತದಲ್ಲೇ ಇತ್ತು ಎಂದು ಬರೆಯುವುದು ಪತ್ರಕರ್ತರಿಗೆ ಬಲು ಪ್ರಿಯ. ಆದರೆ ಲೆಲೊ ತಲೆಮಾರುಗಳಿಂದ ಇದ್ದರೂ ರಗ್ಬಿ ನೆಲೆಯೂರಿದ್ದು 1959ರಲ್ಲಿ, ಫ್ರಾನ್ಸ್‌ನಿಂದ ಬಂದ ಅರ್ಮೇನಿಯನ್ ಮೂಲದ ಜಾಕ್ ಹಾಸ್ಪೆಕಿಯಾನ್ ಟಿಬಿಲಿಸಿಯ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಿದ ಮೇಲೆಯೇ. ನನ್ನ ಮಟ್ಟಿಗೆ ಲೆಲೊಗಿಂತ ಹೆಚ್ಚು ನೆರವಾದದ್ದು ಅಲ್ಲಿನ ಕುಸ್ತಿಯ ಪರಂಪರೆ. ಎಂಟೆಂಟು ಮಂದಿ ಹೆಗಲು ಕೊಟ್ಟು ಪರಸ್ಪರ ತಳ್ಳುವ ಸ್ಕ್ರಮ್‌ನಲ್ಲಿ ಕುತ್ತಿಗೆ, ಬೆನ್ನು ಮತ್ತು ಹಿಡಿತದ ಬಲವೇ ನಿರ್ಣಾಯಕ. ಜಾರ್ಜಿಯಾ ಜಗತ್ತಿನ ಗಮನ ಸೆಳೆದದ್ದೂ ಅಲ್ಲಿಯೇ.

ಸೋವಿಯತ್ ಒಕ್ಕೂಟ ಕುಸಿದ ನಂತರದ ಬಡತನದ ವರ್ಷಗಳಲ್ಲಿ ಹಳೆಯ ಟ್ರ್ಯಾಕ್ಟರ್‌ಗಳನ್ನೇ ಸ್ಕ್ರಮ್ ಯಂತ್ರಗಳನ್ನಾಗಿ ಮಾರ್ಪಡಿಸಿಕೊಂಡು ಅಭ್ಯಾಸ ನಡೆಸಿದ್ದರೆಂದು ಹೇಳಲಾಗುತ್ತದೆ. 2002ರಲ್ಲಿ ರಷ್ಯಾವನ್ನು ಸೋಲಿಸಿ ಮರುವರ್ಷದ ವಿಶ್ವಕಪ್‌ಗೆ ಅರ್ಹತೆ ಪಡೆದ ತಂಡ, ಅಲ್ಲಿ ನಾಲ್ಕೂ ಪಂದ್ಯಗಳನ್ನು ಸೋತಿತು. 2007ರಲ್ಲಾದರೋ ನಮೀಬಿಯಾವನ್ನು 30–0 ಅಂತರದಿಂದ ಮಣಿಸಿ, ಐರ್ಲೆಂಡ್‌ಗೆ ಕೇವಲ 14–10ರಿಂದ ಶರಣಾಯಿತು. ಈ ನಡುವೆ ಮಮುಕಾ ಗೊರ್ಗೊಡ್ಜೆ, ದಾವಿತ್ ಜಿರಾಕಶ್ವಿಲಿ ಮೊದಲಾದವರು ಫ್ರಾನ್ಸ್‌ನ ವೃತ್ತಿಪರ ಕ್ಲಬ್‌ಗಳಲ್ಲಿ ಪಳಗಿದ್ದರು. ದೇಶದೊಳಗೆ ಸಿಗದ ಕಠಿಣ ಎದುರಾಳಿಗಳು ಅವರಿಗೆ ಪ್ರತಿ ವಾರವೂ ಸಿಗುತ್ತಿದ್ದರು. ರಾಷ್ಟ್ರೀಯ ತಂಡಕ್ಕೆ ಆ ಭಾಗ್ಯವಿರಲಿಲ್ಲ.

ಯುರೋಪಿನ ಎರಡನೆಯ ಸ್ತರದ ಟೂರ್ನಿಯನ್ನು ವರ್ಷವರ್ಷವೂ ಎಂಬಷ್ಟು ಸಲೀಸಾಗಿ ಗೆಲ್ಲುತ್ತಿದ್ದರೂ ಜಾರ್ಜಿಯಾಕ್ಕೆ ಮೇಲಿನ ಸ್ತರದ, ಆರು ತಂಡಗಳ ಸಿಕ್ಸ್ ನೇಷನ್ಸ್ ಟೂರ್ನಿಗೆ ಏರುವ ದಾರಿಯಿಲ್ಲ, ಏಕೆಂದರೆ ಅಲ್ಲಿ ಬಡ್ತಿ ಮತ್ತು ಹಿಂಬಡ್ತಿಯ ನಿಯಮವೇ ಇಲ್ಲ. 2000ದಲ್ಲಿ ಸೇರಿದ ಇಟಲಿ 2015ರಿಂದ 2022ರವರೆಗೆ ಆ ಟೂರ್ನಿಯಲ್ಲಿ ಸತತ 36 ಪಂದ್ಯಗಳನ್ನು ಸೋತರೂ ಅದರ ಸ್ಥಾನಕ್ಕೆ ಕುಂದು ಬರಲಿಲ್ಲ. ಇಟಲಿಯನ್ನು ಹೊರಗಟ್ಟಬೇಕೆಂದು ನಾನು ವಾದಿಸುತ್ತಿಲ್ಲ. ದೊಡ್ಡವರೊಡನೆ ಸೋಲುತ್ತಲೇ ಕಲಿಯುವ ಅವಕಾಶ ಅವರಿಗೆ ಸಿಕ್ಕಿತು, ಜಾರ್ಜಿಯಾಕ್ಕೆ ಸಿಗಲಿಲ್ಲ ಎಂಬುದಷ್ಟೇ ನನ್ನ ತಕರಾರು. ಸಿಕ್ಕ ವಿರಳ ಅವಕಾಶಗಳಲ್ಲಿ ಅದು ತೋರಿಸಿದ್ದೇನು? 2022ರ ಜುಲೈನಲ್ಲಿ ಬಟುಮಿಯಲ್ಲಿ ಅದೇ ಇಟಲಿಯನ್ನು 28–19ರಿಂದ, ನವೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ತಂಡವನ್ನು 13–12ರಿಂದ ಸೋಲಿಸಿತು.

2026ರಿಂದ ಆರಂಭವಾಗುವಂತೆ ರೂಪಿಸಿದ, ರಾಷ್ಟ್ರೀಯ ತಂಡಗಳ ಅಗ್ರ ಸ್ತರದ ಟೂರ್ನಿಯಾದ ನೇಷನ್ಸ್ ಚಾಂಪಿಯನ್‌ಶಿಪ್‌ನ ಹನ್ನೆರಡು ತಂಡಗಳಲ್ಲಿ ಫಿಜಿ ಮತ್ತು ಜಪಾನ್‌ಗೆ ಸ್ಥಾನ ದೊರೆತಿದೆ, ಜಾರ್ಜಿಯಾಕ್ಕೆ ಇಲ್ಲ. ಕೆಳಗಿನವರು ಮೇಲೇರುವ ಅವಕಾಶವನ್ನು ಯೋಜಿಸಿರುವುದು 2030ರಿಂದ. ಕಾರ್ಡಿಫ್‌ನಲ್ಲಿ ಗೆದ್ದಾಗ 26 ವರ್ಷದವನಾಗಿದ್ದ ಆಟಗಾರನಿಗೆ ಆ ಹೊತ್ತಿಗೆ 34 ಆಗಿರುತ್ತದೆ.